ತರಗತಿಯ ಗೋಡೆ, ಮಕ್ಕಳ ಸರದಿ

(ಅಜೆಕಾರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸವೆಂದರೆ ಕುಮಾರವ್ಯಾಸನೋ ರತ್ನಾಕರವರ್ಣಿಯೋ ಇರಬೇಕೆಂಬುದು ನಮ್ಮಲ್ಲಿ ರೂಢಿ. ರತ್ನಾಕರವರ್ಣಿಯಂತೂ ಪಕ್ಕದ ಮೂಡುಬಿದಿರೆಯವನು, ಅವನನ್ನು ಬಿಡುವುದು ಕಷ್ಟ. ಆದರೂ ಈ ದತ್ತಿಯ ಆಶಯ ಪ್ರಾಥಮಿಕ ಶಿಕ್ಷಣ ಎಂದು ಸಂಘಟಕರು ಹೇಳಿದ ಮೇಲೆ, ಬಹಳ ಚಿಕ್ಕದೆಂದು ಯಾರೂ ಭಾಷಣಕ್ಕೆ ಎತ್ತಿಕೊಳ್ಳದ ವಿಷಯವೊಂದನ್ನು ಹಿಡಿದಿದ್ದೇನೆ. ಮೂರನೇ ಕ್ಲಾಸಿನ ಮಗು ಒಂದು ಚಿತ್ರ ಬಿಡಿಸಿತು, ನಾಲ್ಕು ಸಾಲು ಬರೆಯಿತು. ಅದನ್ನು ಎಲ್ಲಿ ಹಾಕುವುದು?

ಈ ಪ್ರಶ್ನೆ ಕೇಳಿದ ಕೂಡಲೇ ಎಲ್ಲ ಶಾಲೆಗಳಲ್ಲೂ ಬರುವ ಉತ್ತರ ಒಂದೇ: “ಜಾಗ ಎಲ್ಲಿದೆ ಸರ್?” ಶಾಲೆಗಳಿಗೆ ಹೋಗಿ ಬರುವುದೇ ನನ್ನ ಕೆಲಸವಾದ್ದರಿಂದ ಈ ಮಾತು ಕೇಳಿ ಕೇಳಿ ಅಭ್ಯಾಸವಾಗಿದೆ. ಅದು ನೆಪವಲ್ಲ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಅಲ್ಲೇ ಎರಡು ಕಪಾಟು, ಒಂದು ಮೂಲೆಯಲ್ಲಿ ಆಟದ ಸಾಮಾನು, ಇನ್ನೊಂದರಲ್ಲಿ ಮಳೆಗಾಲದ ಕೊಡೆಗಳ ರಾಶಿ. ಆದರೂ ಒಮ್ಮೆ ಲೆಕ್ಕ ಹಾಕಿ ನೋಡೋಣ.

ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲದ ಕೋಣೆ ಎಂದಿಟ್ಟುಕೊಳ್ಳಿ. ನಾಲ್ಕು ಗೋಡೆ ಸೇರಿ 80 ಅಡಿ. ಕರಿಹಲಗೆಗೆ 10, ಎರಡು ಬಾಗಿಲಿಗೆ 8, ನಾಲ್ಕು ಕಿಟಕಿಗೆ 16, ಎರಡು ಕಪಾಟಿಗೆ 6 ಅಡಿ ಕಳೆಯಿರಿ. ಉಳಿಯುವುದು 40 ಅಡಿ. ಏಳೆಂಟು ವರ್ಷದ ಮಗು ಕತ್ತು ಎತ್ತದೆ, ಬಗ್ಗದೆ ನೋಡಬೇಕಾದರೆ ನೆಲದಿಂದ ಎರಡೂವರೆ ಅಡಿಗೆ ಶುರುವಾಗಿ ಐದು ಅಡಿಗೆ ಮುಗಿಯುವ ಪಟ್ಟಿ ಮಾತ್ರ ಲೆಕ್ಕಕ್ಕೆ. ಅಂದರೆ 100 ಚದರ ಅಡಿ. ಎ4 ಹಾಳೆಗೆ ಸುತ್ತ ಅಂಚು ಬಿಟ್ಟರೂ ಒಂದು ಚದರ ಅಡಿ ಸಾಕು. ನಲಿ-ಕಲಿ ಪದ್ಧತಿಯ ಕೋಣೆಯಾದರೆ ಮಕ್ಕಳೇ ಬರೆಯುವ ಗೋಡೆಹಲಗೆಗಳಿರುತ್ತವೆ, ಅವಕ್ಕೆಂದು ಅರ್ಧ ಕಳೆಯಿರಿ. ಆಗಲೂ 50 ಹಾಳೆಗೆ ಜಾಗ ಉಂಟು. ಇಪ್ಪತ್ತೈದು ಮಕ್ಕಳಿದ್ದರೆ ತಲೆಗೆ ಎರಡು.

ಹಾಗಾದರೆ ಆ ಜಾಗ ಎಲ್ಲಿ ಹೋಯಿತು? ಕೋಣೆಯ ನಡುವೆ ನಿಂತು ಸುತ್ತ ನೋಡಿ. ಕಾಗುಣಿತ, ಮಗ್ಗಿ, ಹಣ್ಣುಗಳು, ಕಾಡುಪ್ರಾಣಿಗಳು, ಸಂಚಾರ ಚಿಹ್ನೆಗಳು, ರಾಷ್ಟ್ರನಾಯಕರು, ವೇಳಾಪಟ್ಟಿ, ಬಿಸಿಯೂಟದ ಮೆನು, ಶಾಲಾ ಮಂತ್ರಿಮಂಡಲ, ಫ್ಯಾನು ಕೊಟ್ಟ ದಾನಿಗಳ ಹೆಸರು. ಒಂದು ಶಾಲೆಯಲ್ಲಿ ಜ್ಞಾನಪೀಠ ಪುರಸ್ಕೃತ ಕನ್ನಡ ಲೇಖಕರ ಚಾರ್ಟು ನೋಡಿದೆ. ಅದರಲ್ಲಿ ಏಳೇ ಮಂದಿ. ಚಂದ್ರಶೇಖರ ಕಂಬಾರರಿಗೆ 2010ರ ಸಾಲಿನ ಜ್ಞಾನಪೀಠ ಬಂದ ಸುದ್ದಿ ಆ ಗೋಡೆಗೆ ಇನ್ನೂ ಮುಟ್ಟಿರಲಿಲ್ಲ. ಅಂದರೆ ಆ ಚಾರ್ಟು ಏರಿದ ಮೇಲೆ ಎಷ್ಟು ತಂಡ ಮಕ್ಕಳು ಆ ಕೋಣೆಗೆ ಬಂದು ಪಾಸಾಗಿ ಹೋಗಿರಬಹುದು, ನೀವೇ ಎಣಿಸಿ. ಅವರು ಯಾರೂ ಅದನ್ನು ಓದಿರಲಿಕ್ಕಿಲ್ಲ. ಮೂರು ದಿನ ಕಣ್ಣೆದುರು ಅಲುಗಾಡದೆ ನಿಂತ ವಸ್ತು ನಾಲ್ಕನೆಯ ದಿನ ಗೋಡೆಯೇ ಆಗಿಬಿಡುತ್ತದೆ.

ಇದು ಟೀಚರುಗಳ ತಪ್ಪೆಂದು ನಾನು ಹೇಳುತ್ತಿಲ್ಲ. ಗೋಡೆ ತುಂಬಿಸಿದ್ದು ಒಳ್ಳೆಯ ಉದ್ದೇಶಗಳೇ. ಕಬೀರ್ ವಾಜಪೇಯಿ ಎಂಬ ವಾಸ್ತುಶಿಲ್ಪಿ, ಶಾಲೆಯ ಕಟ್ಟಡವೇ ಕಲಿಕೆಯ ಸಾಧನವಾಗಬೇಕೆಂದು ‘ಬಾಲಾ’ ಎಂಬ ಹೆಸರಿನಲ್ಲಿ ಅನೇಕ ಉಪಾಯಗಳನ್ನು ಕೊಟ್ಟರು. ಬಾಗಿಲು ತೆರೆದುಕೊಳ್ಳುವಲ್ಲಿ ನೆಲದ ಮೇಲೆ ಕೋನಮಾಪಕ, ಮೆಟ್ಟಿಲುಗಳ ಮೇಲೆ ಅಂಕಿ, ಹೀಗೆ. ಸೊಗಸಾದ ಯೋಚನೆ, ಸರ್ವ ಶಿಕ್ಷಾ ಅಭಿಯಾನದ ಕಾಲದಲ್ಲಿ ದೇಶವಿಡೀ ಹಬ್ಬಿತು. ನಮ್ಮ ಕಡೆ ಬರುವಷ್ಟರಲ್ಲಿ ಅದು ಬಣ್ಣ ಬಳಿಯುವ ಕೆಲಸವಾಯಿತು. 2021ರಲ್ಲಿ ನಿಪುಣ್ ಭಾರತ್ ಯೋಜನೆ ಬಂದಾಗ ತರಗತಿ ಮುದ್ರಣ ಸಮೃದ್ಧವಾಗಿರಬೇಕು, ಮಗುವಿನ ಸುತ್ತ ಅಕ್ಷರ ಇರಬೇಕು ಎಂದರು. ಅದೂ ಸರಿಯೇ. ಆದರೆ ಅಕ್ಷರ ಯಾರದಿರಬೇಕು ಎಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಅಂಗಡಿಯಲ್ಲಿ ಅಚ್ಚಾದ ಚಾರ್ಟು ಸಿಗುತ್ತದೆ, ತಂದು ಹಾಕಿದರು. ಇನ್ನು ಹಳೆ ವಿದ್ಯಾರ್ಥಿ ಸಂಘದವರು. ಅವರ ಪ್ರೀತಿಗೆ ಬೆಲೆ ಕಟ್ಟಲಾಗದು. ಮುಂಬಯಿಯಿಂದ ಊರಿಗೆ ಬಂದಾಗ ಶಾಲೆಗೆ ರೈಲು ಬೋಗಿಯ ಬಣ್ಣ ಹೊಡೆಸಿ ಹೋಗುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ. ಮಗುವಿನ ಹಾಳೆಗೆ ಮಾತ್ರ ಆ ಗೋಡೆ ಮುಚ್ಚಿಹೋಯಿತು, ಅಂಟಿಸಿದರೆ ಎಣ್ಣೆಬಣ್ಣ ಎದ್ದು ಬರುತ್ತದೆಂದು.

ಹೀಗಾಗಿ ನನ್ನ ವಾದ ಇಷ್ಟೇ. ನಮ್ಮ ತರಗತಿಗಳಲ್ಲಿ ಕೊರತೆಯಿರುವುದು ಸರದಿಯದು. ದೊಡ್ಡವರು ಒಮ್ಮೆ ಏರಿಸಿದ್ದು ಇಳಿಯುವುದಿಲ್ಲ, ಅದಕ್ಕೇ ಮಕ್ಕಳದ್ದು ಏರುವುದಿಲ್ಲ.

ಇಕ್ಕಟ್ಟಿನ ಕೋಣೆಯಲ್ಲಿ ಜಾಗ ಹುಟ್ಟಿಸುವ ಉಪಾಯವನ್ನು ಕಂಡುಕೊಂಡವರು ನಮ್ಮದೇ ರಾಜ್ಯದ ಶಿಕ್ಷಕರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಕೆಲವು ಶಿಕ್ಷಕರು ಆಂಧ್ರದ ಋಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು, ಯುನಿಸೆಫ್ ನೆರವಿತ್ತು. ಅಲ್ಲಿಂದ ಹುಟ್ಟಿದ್ದು ನಲಿ-ಕಲಿ. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಕಲಿಕಾ ಏಣಿ, ಕಾರ್ಡುಗಳು, ತಟ್ಟೆಗಳು, ಪ್ರಗತಿ ನೋಟ ಎಂದರೆ ಇಲ್ಲಿ ಕುಳಿತಿರುವ ಅರ್ಧ ಮಂದಿಗೆ ಬಾಯಿಪಾಠ. ನಲಿ-ಕಲಿಯ ಬಗ್ಗೆ ತಕರಾರುಗಳು ಬಹಳ ಇವೆ, ಕಾರ್ಡು ಹುಡುಕುವುದರಲ್ಲೇ ದಿನ ಹೋಗುತ್ತದೆಂದು ಗೊಣಗದ ಶಿಕ್ಷಕರನ್ನು ನಾನು ಕಂಡಿಲ್ಲ. ಆ ಚರ್ಚೆ ಇವತ್ತು ಬೇಡ. ಅದರಲ್ಲಿ ಒಂದು ಅಂಶ ಮಾತ್ರ ನನಗೆ ಬೇಕಾದದ್ದು: ಚಪ್ಪರ.

ಗೋಡೆಯಿಂದ ಗೋಡೆಗೆ ಅಡ್ಡಕ್ಕೂ ಉದ್ದಕ್ಕೂ ಹುರಿ ಕಟ್ಟಿ, ಆ ಚೌಕಗಳಿಂದ ಮಕ್ಕಳ ಕೆಲಸ ಇಳಿಬಿಡುವುದೇ ಚಪ್ಪರ. ಗೋಡೆ ಸಾಲದಿದ್ದರೆ ತಲೆಯ ಮೇಲಿನ ಬಯಲನ್ನು ಬಳಸಿಕೊಳ್ಳುವ ಜಾಣತನ. ಮದುವೆಗೆ, ನೇಮಕ್ಕೆ, ಆಟಕ್ಕೆ ಅಂಗಳದಲ್ಲಿ ಚಪ್ಪರ ಹಾಕಿ ಕೆಲಸ ಮುಗಿದ ಮೇಲೆ ಬಿಚ್ಚುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಬಿಚ್ಚುವ ಭಾಗವೇ ಶಾಲೆಗಳಲ್ಲಿ ಮರೆತುಹೋಗಿದೆ. ಜೂನ್ ತಿಂಗಳಲ್ಲಿ ಬಣ್ಣದ ಕಾಗದದ ಮೀನು, ಗಿಳಿ, ನಕ್ಷತ್ರ ಕತ್ತರಿಸಿ ಕಟ್ಟುತ್ತಾರೆ. ಅವು ಮಾರ್ಚಿನವರೆಗೆ ತೂಗುತ್ತಿರುತ್ತವೆ. ಕತ್ತರಿಸಿದ್ದು ಕೂಡ ಹೆಚ್ಚಾಗಿ ಟೀಚರೇ.

ಸರಿಯಾಗಿ ನಡೆಯುವ ಚಪ್ಪರವನ್ನೂ ನೋಡಿದ್ದೇನೆ. ಇದೇ ಕಾರ್ಕಳ ತಾಲೂಕಿನ ಘಟ್ಟದ ಬುಡದ ಒಂದು ಕಿರಿಯ ಪ್ರಾಥಮಿಕ ಶಾಲೆ, ಹಳೆಯ ಹೆಂಚಿನ ಮಾಡು. ಟೀಚರು ಪಕ್ಕಾಸಿನಿಂದ ಪಕ್ಕಾಸಿಗೆ ನೈಲಾನ್ ಬಳ್ಳಿ ಎಳೆದು, ಅದಕ್ಕೆ ಒಂದೊಂದು ಮಗುವಿನ ಹೆಸರಿನ ಒಂದೊಂದು ದಾರ ಇಳಿಬಿಟ್ಟಿದ್ದರು. ದಾರದ ತುದಿಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪು. ಕ್ಲಿಪ್ಪಿನಲ್ಲಿ ಒಂದೇ ಹಾಳೆ. ಹೊಸದನ್ನು ಹಾಕಬೇಕಾದರೆ ಹಳೆಯದನ್ನು ಮಗುವೇ ತೆಗೆದು ತನ್ನ ಕಡತಕ್ಕೆ ಸೇರಿಸಬೇಕು. ಯಾವುದನ್ನು ಹಾಕಬೇಕೆಂದು ತೀರ್ಮಾನಿಸುವುದೂ ಮಗುವೇ. ನಾನು ಒಳಗೆ ಕಾಲಿಟ್ಟದ್ದೇ ಒಬ್ಬ ಹುಡುಗ ಬಂದು ಅಂಗಿ ಜಗ್ಗಿ, “ಸರ್, ಅವು ಎನ್ನ” (ಅದು ನನ್ನದು) ಎಂದ. ಕಂಬಳದ ಚಿತ್ರ. ಎರಡು ಕೋಣ, ಸರಿಯಾಗಿ ಎಂಟು ಕಾಲು, ಹಿಂದೆ ನೀರು ಚಿಮ್ಮಿದ್ದಕ್ಕೆ ಪೆನ್ಸಿಲಿನ ನೂರಾರು ಚುಕ್ಕಿ. ಕೋಣ ಓಡಿಸುವವನೇ ಇಲ್ಲ. ಚಿತ್ರದ ಕೆಳಗೆ ಟೀಚರು ಹುಡುಗನ ಮಾತನ್ನೇ ಬರೆದಿದ್ದರು: “ಅವ ಕೆಸರಿನಲ್ಲಿ ಬಿದ್ದಿದ್ದಾನೆ, ಅದಕ್ಕೆ ಕಾಣುವುದಿಲ್ಲ.” ಆ ಒಂದು ಸಾಲು ಇಲ್ಲದಿದ್ದರೆ ನಾನು ಅದನ್ನು ಅಪೂರ್ಣ ಚಿತ್ರವೆಂದು ದಾಟಿಹೋಗುತ್ತಿದ್ದೆ. ಮಿಯ್ಯಾರಿನಲ್ಲಿ ಕಂಬಳ ನೋಡಿ ಬಂದ ಮಗುವಿನ ತಲೆಯಲ್ಲಿ ಏನು ನಿಂತಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಮೌಲ್ಯಮಾಪನ ಬೇಕೆ?

ಇನ್ನು ಮಳೆ. ಮಕ್ಕಳ ಕೆಲಸದ ಪ್ರದರ್ಶನದ ಬಗ್ಗೆ ಹೊರಗಿನವರು ಬರೆದ ಸಲಹೆಗಳಲ್ಲಿ ನಮ್ಮ ಮಳೆ ಇರುವುದೇ ಇಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರು ಮೀರಿ ಸುರಿಯುವ ಊರು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮುರಕಲ್ಲಿನ ಗೋಡೆಗೆ ಪಸೆ ಏರುತ್ತದೆ, ಸೆಲ್ಲೋಟೇಪು ಒಂದು ರಾತ್ರಿಯೂ ನಿಲ್ಲುವುದಿಲ್ಲ. ಮೈದಾ ಅಂಟು ಹಾಕಿದರೆ ಜಿರಲೆಗೆ ಊಟ. ರಟ್ಟಿಗೆ ಬೂಷ್ಟು, ಸಾಫ್ಟ್‌ಬೋರ್ಡಿಗೆ ಒರಲೆ. ಲ್ಯಾಮಿನೇಶನ್ ಮಾಡಿಸಿ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ದುಡ್ಡು ಕೊಟ್ಟು ಲ್ಯಾಮಿನೇಶನ್ ಮಾಡಿಸಿದ ಹಾಳೆಯನ್ನು ಇಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಅದು ಇನ್ನೊಂದು ಚಾರ್ಟಾಗಿ ಕೂರುತ್ತದೆ. ಗಾಳಿ ಆಡುವಂತೆ ತೂಗುಹಾಕಿದ ಬರಿಯ ಹಾಳೆ ಆಟಿ ತಿಂಗಳ ಮಳೆಯಲ್ಲೂ ಹದಿನೈದು ದಿನ ತಡೆಯುತ್ತದೆ. ಹದಿನೈದು ದಿನಕ್ಕಿಂತ ಹೆಚ್ಚು ಅದು ಇರಬೇಕಾಗಿಯೂ ಇಲ್ಲ.

ತೂಗುಹಾಕುವಾಗ ಎಚ್ಚರವೂ ಬೇಕು. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ ಅಡುಗೆಯ ಬೆಂಕಿ ಹುಲ್ಲಿನ ಮಾಡಿಗೆ ತಗುಲಿ 94 ಮಕ್ಕಳು ತೀರಿಹೋದರು. ನಮ್ಮದು ಹೆಂಚು ಅಥವಾ ಕಾಂಕ್ರೀಟು, ನಿಜ. ಆದರೆ ಕಾಗದ ಕಾಗದವೇ. ಅಮೆರಿಕದ ಅಗ್ನಿಸುರಕ್ಷಾ ಸಂಹಿತೆಯಲ್ಲಿ, ಬೆಂಕಿ ಆರಿಸುವ ನೀರಿನ ಸಿಂಚಕ ಇಲ್ಲದ ತರಗತಿಯ ಗೋಡೆಯ ಶೇಕಡಾ 20ಕ್ಕಿಂತ ಹೆಚ್ಚು ಭಾಗಕ್ಕೆ ಕಾಗದ ಹಾಕಬಾರದೆಂದಿದೆ. ಬಲ್ಬಿನ ಹತ್ತಿರ, ಬಾಗಿಲ ಮೇಲೆ, ಬಿಸಿಯೂಟದ ಕೋಣೆಯ ಪಕ್ಕದ ಗೋಡೆಗೆ ಹಾಕದಿದ್ದರೆ ಸಾಕು. ಫ್ಯಾನಿಗೆ ಸಿಕ್ಕದ ಹಾಗೆ ದಾರದ ಉದ್ದ ಇರಲಿ.

ತುಂಬ ಹಾಕುವುದರಿಂದ ಬೇರೊಂದು ನಷ್ಟವೂ ಇದೆ. 2014ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅನ್ನಾ ಫಿಶರ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಎರಡು ಡಜನಿನಷ್ಟು ಪುಟ್ಟ ಮಕ್ಕಳಿಗೆ ಕೆಲವು ವಿಜ್ಞಾನ ಪಾಠಗಳನ್ನು ಚಿತ್ರ ತುಂಬಿದ ಕೋಣೆಯಲ್ಲೂ ಕೆಲವನ್ನು ಬರಿಗೋಡೆಯ ಕೋಣೆಯಲ್ಲೂ ಮಾಡಿದರು. ತುಂಬಿದ ಕೋಣೆಯಲ್ಲಿ ಮಕ್ಕಳ ಗಮನ ಪಾಠದಿಂದ ಆಚೆ ಇದ್ದ ಹೊತ್ತು ಶೇಕಡಾ 38.6, ಬರಿಗೋಡೆಯಲ್ಲಿ 28.4. ಸರಿಯುತ್ತರಗಳು ತುಂಬಿದ ಕೋಣೆಯಲ್ಲಿ ಶೇಕಡಾ 42, ಬರಿಗೋಡೆಯಲ್ಲಿ 55. ಮಾದರಿ ಚಿಕ್ಕದು, ಕೋಣೆ ಪ್ರಯೋಗಾಲಯದ್ದು, ಅದನ್ನು ಹಿಡಿದುಕೊಂಡು ಗೋಡೆಗಳನ್ನೆಲ್ಲ ಬೋಳು ಮಾಡಲು ನಾನು ಹೇಳಲಾರೆ. ಆದರೆ ಕರಿಹಲಗೆಯ ಗೋಡೆಯನ್ನಾದರೂ ಖಾಲಿ ಬಿಡಿ. ಮಗು ಪಾಠ ಕೇಳುವಾಗ ನೋಡುವ ದಿಕ್ಕು ಅದು. ಮಕ್ಕಳ ಕೆಲಸ ಬೆನ್ನ ಹಿಂದಿನ ಗೋಡೆಗೆ, ಜಗಲಿಯ ಕಡೆಗೆ, ಕಿಟಕಿಯ ಸರಳಿಗೆ ಹೋಗಲಿ. ಗೋದ್ರೇಜ್ ಕಪಾಟಿನ ಪಕ್ಕದ ಮೈ ಎಲ್ಲ ಶಾಲೆಗಳಲ್ಲೂ ಬಿದ್ದುಕೊಂಡಿರುವ ಸೊಗಸಾದ ಜಾಗ. ನಾಲ್ಕು ಅಯಸ್ಕಾಂತದ ತುಂಡು ಇದ್ದರೆ ಆಯಿತು.

ಈಗ ಕಷ್ಟದ ಪ್ರಶ್ನೆ. ಯಾರ ಕೆಲಸ ಹಾಕುವುದು? ಜಾಗ ಕಡಿಮೆ ಎಂದ ಕೂಡಲೇ ನಾವು ಮಾಡುವುದು ಆಯ್ಕೆ. ದುಂಡು ಅಕ್ಷರದ ಇಬ್ಬರು, ಚಿತ್ರ ಬರುವ ಒಬ್ಬಳು, ಅಮ್ಮನೋ ಅಣ್ಣನೋ ಮಾಡಿಕೊಟ್ಟ ಥರ್ಮೋಕೋಲಿನ ಮನೆ ತಂದ ಒಬ್ಬ. ವರ್ಷವಿಡೀ ಅದೇ ನಾಲ್ಕು ಹೆಸರು. ಉಳಿದ ಇಪ್ಪತ್ತೊಂದು ಮಕ್ಕಳಿಗೆ ಆ ಗೋಡೆ ದಿನಾ ಏನು ಹೇಳುತ್ತದೆ ಎಂದು ಯೋಚಿಸಿ. ಸ್ಪರ್ಧೆಗೆ ಪ್ರತಿಭಾ ಕಾರಂಜಿ ಇದೆ, ಅಲ್ಲಿ ಆಯ್ಕೆ ಇರಲಿ. ತರಗತಿಯ ಗೋಡೆಯಲ್ಲಿ ಇರಬೇಕಾದ್ದು ಹಾಜರಿ ಪುಸ್ತಕದ ನ್ಯಾಯ: ಹೆಸರಿದ್ದವರೆಲ್ಲರ ಸರದಿ ಬರಬೇಕು. ಐದೇ ಹಾಳೆಗೆ ಜಾಗವಿದ್ದರೆ ವಾರಕ್ಕೆ ಐದು ಮಕ್ಕಳು, ಐದು ವಾರಕ್ಕೆ ಇಪ್ಪತ್ತೈದೂ ಮುಗಿಯಿತು. ಅಂಕಪಟ್ಟಿಯನ್ನು ಗೋಡೆಗೆ ಅಂಟಿಸುವ ಚಾಳಿ ಇನ್ನೂ ಕೆಲವೆಡೆ ಉಂಟು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಮಗುವಿಗೆ ಮಾನಸಿಕ ಹಿಂಸೆ ಕೊಡಬಾರದೆನ್ನುತ್ತದೆ. ಕೊನೆಯ ಸಾಲಿನ ಹೆಸರಿನ ಮಗುವನ್ನು ಕೇಳಿದರೆ ಆ ಸೆಕ್ಷನ್ನಿನ ಅರ್ಥ ತಿಳಿಯುತ್ತದೆ.

ತಪ್ಪಿದ್ದ ಬರಹ ಹಾಕಬಹುದೇ ಎಂದು ಟೀಚರುಗಳು ಕೇಳುತ್ತಾರೆ. ಮನೆಯಲ್ಲಿ ತುಳು, ಕೊಂಕಣಿ ಆಡುವ ಮಕ್ಕಳು, ಒತ್ತಕ್ಷರ ತಪ್ಪುತ್ತದೆ, ಮಹಾಪ್ರಾಣ ಮಾಯವಾಗುತ್ತದೆ. ಶಾಲೆ ನೋಡಲು ಬಂದ ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) “ಇದನ್ನು ನೋಡಿ ಬೇರೆ ಮಕ್ಕಳೂ ತಪ್ಪು ಕಲಿಯುವುದಿಲ್ಲವೇ?” ಎಂದು ಹೇಳಿ ಹೋದರೆ ಮರುದಿನ ಹಾಳೆ ಮಾಯ. ನನ್ನ ಅಭಿಪ್ರಾಯ ಹಾಕಬೇಕೆಂದೇ. ಕೆಂಪು ಗೀಟು ಹಾಕದೆ ಹಾಕಿ, ಕೆಳಗೆ ತಾರೀಕು ಬರೆಯಿರಿ. ಎರಡು ತಿಂಗಳ ಮೇಲೆ ಅದೇ ಮಗು ಬರೆದದ್ದನ್ನು ಅದರ ಪಕ್ಕದಲ್ಲಿ ಹಾಕಿ. ತಾರೀಕು ಇಲ್ಲದ ಹಾಳೆ ಅಲಂಕಾರವಷ್ಟೇ. ತಾರೀಕು ಬಿದ್ದರೆ ಅದು ದಾಖಲೆ. ಒಪ್ಪದವರು ಇದ್ದೀರೆಂದು ಗೊತ್ತು, ಚಹಾದ ಹೊತ್ತಿನಲ್ಲಿ ಜಗಳಾಡೋಣ.

ಹೆಸರು ಎದುರಿಗೇ ಇರಲಿ, ಹಾಳೆಯ ಹಿಂದೆ ಬೇಡ. ನಮ್ಮ ಕಾರ್ಕಳ ತಾಲೂಕಿನ ನಂದಳಿಕೆಯ ಲಕ್ಷ್ಮೀನಾರಣಪ್ಪ ನೆನಪಾಗುತ್ತಾರೆ. ಉಡುಪಿಯಲ್ಲಿ ವ್ಯಾಯಾಮದ ಮಾಷ್ಟ್ರು. ತಾವೇ ಬರೆದ ಕಾವ್ಯವನ್ನು ಹಳೆಯ ಕವಿಯ ಓಲೆಗರಿ ಸಿಕ್ಕಿತೆಂದು ಹೇಳಿ ಮೈಸೂರಿನ ‘ಕಾವ್ಯಮಂಜರಿ’ ಪತ್ರಿಕೆಗೆ ಕಳುಹಿಸಿದರು. 1901ರಲ್ಲಿ ಕ್ಷಯದಿಂದ ತೀರಿಕೊಂಡರು. ಮುದ್ದಣನೆಂಬ ಹೆಸರಿನ ಕವಿ ಅವರೇ ಎಂದು ಕನ್ನಡಕ್ಕೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಹೊಸಬನ ಕೈಬರಹಕ್ಕೆ ಯಾರು ಬೆಲೆ ಕೊಡುತ್ತಾರೆಂಬ ಅಳುಕು ಅವರದ್ದಾಗಿತ್ತೇನೋ. ಏಳು ವರ್ಷದ ಮಗುವಿಗೆ ಆ ಅಳುಕು ಕಲಿಸುವುದು ಬೇಡ.

ಕೋಣೆಯೊಳಗೆ ಹಿಡಿಸದ್ದು ಹೊರಗೆ ಹೋಗಬಹುದು. ಫ್ರಾನ್ಸಿನ ಸೆಲೆಸ್ತಿನ್ ಫ್ರೆನೆ ಎಂಬ ಹಳ್ಳಿ ಶಿಕ್ಷಕ ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ ಬಂದವನು, ಹೆಚ್ಚು ಹೊತ್ತು ಮಾತಾಡಲಾರ. 1920ರ ದಶಕದಲ್ಲಿ ಬಾರ್-ಸುರ್-ಲೂ ಎಂಬ ಊರಿನ ಶಾಲೆಗೆ ಒಂದು ಪುಟ್ಟ ಕೈ ಅಚ್ಚುಯಂತ್ರ ತಂದ. ಮಕ್ಕಳು ತಮ್ಮ ಬರಹವನ್ನು ತಾವೇ ಮೊಳೆ ಜೋಡಿಸಿ ಅಚ್ಚುಹಾಕಿದರು. ಅದು ದೇಶದ ಇನ್ನೊಂದು ತುದಿಯ, ಬ್ರಿಟನಿಯ ಶಾಲೆಗೆ ಅಂಚೆಯಲ್ಲಿ ಹೋಯಿತು. ಅಲ್ಲಿನ ಮಕ್ಕಳ ಬರಹ ಇಲ್ಲಿಗೆ ಬಂತು. ಗೋಡೆಯೇ ಬೇಕಾಗಲಿಲ್ಲ. ಅಜೆಕಾರಿನ ಮಗು ಐವತ್ತು ಪೈಸೆಯ ಅಂಚೆ ಕಾರ್ಡಿನಲ್ಲಿ ಘಟ್ಟದ ಚಿತ್ರ ಬಿಡಿಸಿ ಕಾಪುವಿನ ಕಡಲತಡಿಯ ಶಾಲೆಗೆ ಕಳುಹಿಸಿದರೆ, ಅಲ್ಲಿಂದ ಬಂಗುಡೆಯ, ದೀಪಸ್ತಂಭದ ಚಿತ್ರ ಬರುತ್ತದೆ. ಒಂದೇ ಜಿಲ್ಲೆಯ ಎಷ್ಟು ಮಕ್ಕಳು ಇನ್ನೊಂದು ತುದಿ ನೋಡಿದ್ದಾರೆ?

2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿ ವಿದ್ಯಾಗಮ ಶುರುವಾದಾಗ ತರಗತಿಗಳು ಮನೆಯ ಜಗಲಿಗೆ, ದೇವಸ್ಥಾನದ ಪ್ರಾಂಗಣಕ್ಕೆ, ಮರದಡಿಗೆ ಬಂದವು. ಶಾಲೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಅಮ್ಮಂದಿರು ಆಗ ಮಕ್ಕಳ ಪುಸ್ತಕವನ್ನು ಕಣ್ಣಾರೆ ನೋಡಿದರು. ಪಂಚಾಯತಿನ ಜಗಲಿ, ಹಾಲಿನ ಡೈರಿಯ ಗೋಡೆ, ಗ್ರಂಥಾಲಯ ಇವೆಲ್ಲ ಈಗಲೂ ಅಲ್ಲೇ ಇವೆ. ಬೆಳಗ್ಗೆ ಹಾಲು ಹಾಕಲು ಬರುವವರು ತಮ್ಮ ವಠಾರದ ಮಗು ಬರೆದ ನಾಲ್ಕು ಸಾಲು ಓದಲು ಬೇಸರಪಡುವುದಿಲ್ಲ.

ಇಳಿಸಿದ ಹಾಳೆಗಳು ಏನಾಗಬೇಕು? ಇಲಾಖೆ ಇದಕ್ಕೊಂದು ವ್ಯವಸ್ಥೆ ಮಾಡಿದೆ, ಕೃತಿ ಸಂಪುಟ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ಭಾಗವಾಗಿ ಪ್ರತಿ ಮಗುವಿಗೂ ಒಂದು ಕಡತ. ಬಹಳ ಕಡೆ ಅದು ತಪಾಸಣೆಯ ಹಿಂದಿನ ಸಂಜೆ ತುಂಬುವ ಕಡತವಾಗಿದೆ. ಚಪ್ಪರದಿಂದ ಇಳಿದದ್ದು ನೇರ ಅದರೊಳಗೆ ಹೋದರೆ ತನ್ನಿಂತಾನೇ ತುಂಬುತ್ತದೆ. ‘ಸಮುದಾಯದತ್ತ ಶಾಲೆ’ಯ ದಿನ ಅಪ್ಪ ಅಮ್ಮನೆದುರು ಅಂಕ ಓದಿ ಹೇಳುವ ಬದಲು ಆ ಕಡತವನ್ನು ಮಗುವಿನ ಕೈಗೆ ಕೊಟ್ಟು, ಹಾಳೆ ತಿರುಗಿಸಿ ತೋರಿಸಲು ಹೇಳಿ. ಐದು ನಿಮಿಷ ಸಾಕು. ವರ್ಷದ ಕೊನೆಗೆ ಸಂಪುಟ ಮನೆಗೆ ಹೋಗಲಿ, ಶಾಲೆಯ ಅಟ್ಟಕ್ಕೆ ಬೇಡ. ಅಟ್ಟದಲ್ಲಿ ಇಲಿ ಓದುತ್ತದೆ.

ಕೊನೆಗೆ ದಾನಿಗಳಲ್ಲಿ, ಶಾಲಾಭಿವೃದ್ಧಿ ಸಮಿತಿಯವರಲ್ಲಿ (ಎಸ್.ಡಿ.ಎಂ.ಸಿ.) ಒಂದು ಬೇಡಿಕೆ. ಬರುವ ಬೇಸಗೆಯಲ್ಲಿ ಶಾಲೆಗೆ ಬಣ್ಣ ಹೊಡೆಸುವವರು ಹೊಡೆಸಿ. ರೈಲು ಬೇಕಾದರೆ ಹೊರಗೋಡೆಗೆ ಬಿಡಿಸಿ. ಒಳಗೆ ಮಾತ್ರ ನೆಲದಿಂದ ಎರಡೂವರೆ ಅಡಿ ಮೇಲಿನಿಂದ ಐದು ಅಡಿಯವರೆಗೆ ಏನೂ ಬರೆಸಬೇಡಿ. ಆ ಪಟ್ಟಿಯ ಮೇಲಂಚಿಗೊಂದು, ನಡುವಿಗೊಂದು ಮರದ ರೀಪು ಹೊಡೆಸಿ. ಗೋಡೆಗೂ ರೀಪಿಗೂ ನಡುವೆ ಬೆರಳು ತೂರುವಷ್ಟು ಸಂದಿ ಇರಲಿ, ಪಸೆ ತಾಗದ ಹಾಗೆ. ರೀಪಿಗೆ ಅಡಿಗೊಂದು ಮೊಳೆ, ಮೊಳೆಯಿಂದ ಮೊಳೆಗೆ ಹುರಿ, ಒಂದು ಪ್ಯಾಕೆಟ್ಟು ಕ್ಲಿಪ್ಪು. ಪೈಂಟಿಂಗಿಗೆ ಕೊಡುವ ಹಣದಲ್ಲಿ ಇದರ ಖರ್ಚು ಗೊತ್ತೇ ಆಗುವುದಿಲ್ಲ. ದಾನಿಯ ಹೆಸರು ಬರೆಸಲೇಬೇಕಿದ್ದರೆ ಐದು ಅಡಿಯಿಂದ ಮೇಲೆ ಬೇಕಾದಷ್ಟು ಗೋಡೆ ಉಂಟು.